ದೊಡ್ಡ ಪುಟ ಯಾರಿಗೆ ಬೇಕು?

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಆಂಬುಲೆನ್ಸ್ ಕೇಂದ್ರದ ನಿರ್ದೇಶಕರೇ, ಅವರ ಬಲಕ್ಕೆ ಕೂತಿರುವ ಕರೆ ವಿಭಾಗದ ಮೇಡಂ ಅವರೇ, ಎಡಕ್ಕೆ ಕೂತಿರುವ, ಹಿಂದೆ ಭೂಗೋಳ ಪಾಠ ಮಾಡುತ್ತಿದ್ದುದರಿಂದ ಇವತ್ತಿಗೂ ಎಲ್ಲರ ಬಾಯಲ್ಲಿ ಮೇಷ್ಟ್ರಾಗಿಯೇ ಉಳಿದಿರುವ ನಕ್ಷೆ ವಿಭಾಗದ ಮುಖ್ಯಸ್ಥರೇ, ಡ್ರೈವರುಗಳೇ, ನರ್ಸುಗಳೇ, ಕಿವಿಯ ಹೆಡ್‌ಫೋನ್ ಕಳಚಿಟ್ಟು ಅರ್ಧ ಗಂಟೆಗೆಂದು ಬಂದಿರುವ ಕರೆ ಸ್ವೀಕರಿಸುವವರೇ, ಮೂರನೇ ಸಾಲಿನ ತುದಿಯಲ್ಲಿ ಕೂತಿರುವ ನನ್ನ ಹೆಂಡತಿಯೇ, ಮತ್ತು ಸಭಿಕರೇ,

ಹೆಂಡತಿಯನ್ನು ಬೇರೆಯಾಗಿ ಸಂಬೋಧಿಸಿದ್ದಕ್ಕೆ ಯಾರೂ ನಗಬಾರದು. ಅದಕ್ಕೆ ಕಾರಣವಿದೆ. ಹತ್ತು ನಿಮಿಷದ ಹಿಂದೆ ಅಧ್ಯಕ್ಷರು ತಮ್ಮ ಭಾಷಣದಲ್ಲಿ, “ಇದು ಬೀಳ್ಕೊಡುಗೆ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಅಲ್ಲ! ಇವರು ಇನ್ನೂ ಎರಡು ವರ್ಷ ನಮ್ಮ ಮೆಷಿನ್ ರೂಮಿನಲ್ಲೇ ಇರೋದಕ್ಕೆ ಒಪ್ಪಿದ್ದಾರೆ, ಸೋಮವಾರದಿಂದ ಬೆಳಗಿನ ಆರರ ಪಾಳಿ” ಎಂದು ಹೇಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಬಹಳ ಸಂತೋಷ. ಆದರೆ ಮೂರನೇ ಸಾಲಿನ ತುದಿಯಲ್ಲಿ ಒಬ್ಬರು ಚಪ್ಪಾಳೆ ತಟ್ಟಲಿಲ್ಲ. ಯಾಕೆಂದರೆ ಆ ಸುದ್ದಿ ಅವರಿಗೆ ಗೊತ್ತಾದದ್ದೇ ಆಗ. ನಾನು ಒಪ್ಪಿ ಮೂರು ವಾರವಾಗಿದೆ. ಮನೆಯಲ್ಲಿ ಹೇಳಿಲ್ಲ.

ಸರಿ. ಅದಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು, ಏಕೆಂದರೆ ಈ ಸಭಾಂಗಣಕ್ಕೆ ಹೊರಗೆ ಹೋಗುವ ಬಾಗಿಲು ಎರಡೇ ಇವೆ, ಎರಡೂ ಮೂರನೇ ಸಾಲಿನ ಪಕ್ಕದಲ್ಲೇ ಇವೆ. ಬಂದ ಕೂಡಲೇ ಎಣಿಸಿದೆ. ನಾನು ಎಲ್ಲಿಗೆ ಹೋದರೂ ಬಾಗಿಲು ಎಣಿಸುತ್ತೇನೆ. ಮೈಕಿನ ವೈರು ನೀರಿನ ಲೋಟದ ಹತ್ತಿರ ಇದ್ದದ್ದನ್ನು ಈಗಷ್ಟೇ ಸರಿಸಿದೆ. ದಯವಿಟ್ಟು ಯಾರೂ ಅದನ್ನು ಮತ್ತೆ ಹತ್ತಿರ ಇಡಬೇಡಿ.

ನನ್ನ ಬಗ್ಗೆ ಇಲ್ಲಿ ಬಹಳ ದೊಡ್ಡ ಮಾತುಗಳನ್ನು ಆಡಲಾಯಿತು. ತಂತ್ರಜ್ಞ ಎಂದರು. ನನಗೆ ಕಿವಿ ಬಿಸಿಯಾಯಿತು. ನಾನು ಆರನೇ ಕ್ಲಾಸಿನಲ್ಲಿ ಒಂದು ಸಲ ಶಾಲೆ ಬಿಟ್ಟವನು. ನಮ್ಮಪ್ಪನಿಗೆ ಊರೂರು ಸುತ್ತುವ ಕೆಲಸ. ಒಂದು ಊರಿನಿಂದ ಇನ್ನೊಂದು ಊರಿಗೆ ಸಾಮಾನು ಸಾಗಿಸುವಾಗ ನನ್ನ ವರ್ಗಾವಣೆ ಪತ್ರ ಇದ್ದ ಚೀಲ ಲಾರಿಯಲ್ಲೇ ಉಳಿಯಿತು. ಪತ್ರವಿಲ್ಲದೆ ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಒಂದೂವರೆ ವರ್ಷದ ನಂತರ ಮತ್ತೆ ಸೇರಿದೆ, ಒಂಬತ್ತರಲ್ಲಿ ಮತ್ತೆ ಬಿಟ್ಟೆ. ಆ ಚೀಲ ಹೋದ ದಿನದಿಂದ ಇವತ್ತಿನವರೆಗೆ ಕಾಗದಪತ್ರ ಇರುವ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡೇ ಕೂರುವುದು ನನಗೆ ರೂಢಿ. ಈಗಲೂ ಆ ಕುರ್ಚಿಯ ಕೆಳಗಿದೆ, ನೋಡಿ.

ಈ ಕೇಂದ್ರಕ್ಕೆ ಬಂದದ್ದು ಲಿಫ್ಟ್ ನಡೆಸುವವನಾಗಿ. ಲಿಫ್ಟ್ ಕೆಟ್ಟಾಗ ಮೆಷಿನ್ ರೂಮಿನಲ್ಲಿ ಕೂರುತ್ತಿದ್ದೆ, ಅಲ್ಲಿ ತಂಪು. ಲಿಫ್ಟ್ ಬಹಳ ಸಲ ಕೆಡುತ್ತಿತ್ತು. ಅಲ್ಲಿದ್ದ ದಪ್ಪ ದಪ್ಪ ಕೈಪಿಡಿಗಳನ್ನು ಬೆರಳಿಟ್ಟು ಓದುತ್ತಿದ್ದೆ. ಒಂದು ಪುಟಕ್ಕೆ ಒಂದು ದಿನ. ಅರ್ಥವಾಗದ ಮಾತುಗಳನ್ನು ಬರೆದಿಟ್ಟುಕೊಂಡು ಯಾರು ಸಿಕ್ಕರೂ ಕೇಳುತ್ತಿದ್ದೆ. ಮೂವತ್ತೊಂದು ವರ್ಷವಾಯಿತು. ಇನ್ನೂ ಕೇಳುತ್ತಲೇ ಇದ್ದೇನೆ.

ಈಗ ವಿಷಯಕ್ಕೆ ಬರೋಣ. ನನಗೆ ಈ ಸನ್ಮಾನ ಆಗುತ್ತಿರುವುದು ದೊಡ್ಡ ಪುಟಗಳ ಕೆಲಸಕ್ಕಾಗಿ. ದೊಡ್ಡ ಪುಟ ಎಂದರೇನು ಎಂದು ಡ್ರೈವರಣ್ಣಂದಿರಿಗೆ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ. ಶಾಲೆ ಓದಿದವರು ಸ್ವಲ್ಪ ಸಹಿಸಿಕೊಳ್ಳಿ.

ಕಂಪ್ಯೂಟರಿನಲ್ಲಿ ಮೆಮೊರಿ ಅಂತ ಇದೆ. ಪ್ರೋಗ್ರಾಮುಗಳು ಕೆಲಸ ಮಾಡುವಾಗ ತಮ್ಮ ಸರಕನ್ನು ಇಟ್ಟುಕೊಳ್ಳುವ ಜಾಗ. ಆ ಜಾಗವನ್ನು ಹಂಚಿಕೊಡುವ ಯಜಮಾನನಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದು ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುತ್ತದೆ. ಒಂದೊಂದು ತುಂಡಿಗೂ ಪುಟ ಎಂದು ಹೆಸರು. ಯಾವ ಪುಟ ಎಲ್ಲಿದೆ ಎಂದು ಒಂದು ಪಟ್ಟಿ ಇಡಬೇಕು. ಸರಕು ಕಡಿಮೆ ಇದ್ದರೆ ಪಟ್ಟಿ ಚಿಕ್ಕದು. ಸರಕು ಬೆಟ್ಟದಷ್ಟಿದ್ದರೆ? ಪಟ್ಟಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕೆ ಸಣ್ಣ ಪುಟ ಐನೂರ ಹನ್ನೆರಡನ್ನು ಸೇರಿಸಿ ಒಂದೇ ದೊಡ್ಡ ಪುಟ ಮಾಡಿ ಕೊಡುವ ವ್ಯವಸ್ಥೆ ಇದೆ. ಐನೂರ ಹನ್ನೆರಡು ಸಲ ಹುಡುಕುವ ಬದಲು ಒಂದು ಸಲ ಹುಡುಕಿದರೆ ಸಾಕು.

ನಮ್ಮ ಮೇಷ್ಟ್ರ ನಕ್ಷೆ ಪ್ರೋಗ್ರಾಂ ಬೆಟ್ಟದ ಜಾತಿ. ಇಡೀ ನಗರದ ಪ್ರತಿ ರಸ್ತೆ, ಪ್ರತಿ ತಿರುವು, ಪ್ರತಿ ಸಿಗ್ನಲ್ಲು ಅದರ ಹೊಟ್ಟೆಯಲ್ಲಿದೆ. ಆಂಬುಲೆನ್ಸಿಗೆ ದಾರಿ ಹುಡುಕಿ ಕೊಡಲು ಸಣ್ಣ ಪುಟದಲ್ಲಿ ಒಂಬತ್ತು ಸೆಕೆಂಡು, ದೊಡ್ಡ ಪುಟದಲ್ಲಿ ಐದು. ನಾಲ್ಕು ಸೆಕೆಂಡು ಉಳಿತಾಯ! ಮೇಷ್ಟ್ರು ನನ್ನ ರೂಮಿಗೆ ಬಂದು, “ದೊಡ್ಡದು ಹಾಕಪ್ಪಾ, ದೊಡ್ಡದು! ಇದೇನು ಚಿಲ್ಲರೆ ವ್ಯಾಪಾರ?” ಎಂದರು. ಹಾಕಿದೆ. ಆ ಮೆಷಿನ್ನಿಗೆ ಇದ್ದದ್ದು ಒಂದೇ ಸ್ವಿಚ್ಚು. ಹಾಕಿದರೆ ಒಳಗಿರುವ ಎಲ್ಲ ಪ್ರೋಗ್ರಾಮುಗಳಿಗೂ ದೊಡ್ಡ ಪುಟ, ತೆಗೆದರೆ ಯಾರಿಗೂ ಇಲ್ಲ.

ಆದರೆ ಅದೇ ಮೆಷಿನ್ನಿನಲ್ಲಿ ನಮ್ಮ ಮೇಡಂ ಅವರ ಕರೆ ಪ್ರೋಗ್ರಾಮೂ ಇತ್ತು. ಅದು ಬೇರೆ ಸ್ವಭಾವದ್ದು. ನನ್ನ ಹಾಗೆ ಭಯಸ್ಥ. ಏನಾದರೂ ಆದೀತು ಎಂದು ಐದು ನಿಮಿಷಕ್ಕೊಮ್ಮೆ ತನ್ನದೇ ಒಂದು ನಕಲನ್ನು ಹುಟ್ಟಿಸಿ, ಇದುವರೆಗಿನ ಕರೆಗಳನ್ನೆಲ್ಲ ಡಿಸ್ಕಿನಲ್ಲಿ ಬರೆದಿಡು ಎಂದು ಕಳಿಸುತ್ತದೆ. ಆ ನಕಲು ಬರೆದು ಮುಗಿಸುವವರೆಗೆ ಅಸಲಿಗೂ ನಕಲಿಗೂ ಪುಟಗಳು ಹಂಚಿಕೆಯಲ್ಲಿರುತ್ತವೆ. ಆ ಹೊತ್ತಿನಲ್ಲಿ ಯಾರಾದರೂ ಒಂದೇ ಒಂದು ಅಂಕಿ ಹೊಸದಾಗಿ ಬರೆದರೂ ಮೊದಲು ಆ ಪುಟ ಪೂರ್ತಿ ಬೇರೆ ಮಾಡಿಕೊಂಡು ಆಮೇಲೆ ಬರೆಯಬೇಕು. ಪುಟ ಸಣ್ಣದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಪುಟ ಐನೂರ ಹನ್ನೆರಡು ಪಾಲು ದೊಡ್ಡದಿದ್ದರೆ? ಮನೆ ನಂಬರಿನ ಒಂದು ಅಂಕಿ ತಿದ್ದಲು ಇಡೀ ಮನೆಯ ಸಾಮಾನು ಹೊರಗೆ ಹಾಕಿದಂತೆ. ಮೂವತ್ತು ಜನ ಒಟ್ಟಿಗೆ ಟೈಪ್ ಮಾಡುತ್ತಿದ್ದರೆ ಮೂವತ್ತು ಮನೆಯ ಸಾಮಾನು ಬೀದಿಯಲ್ಲಿ.

ಒಂದು ಬೆಳಗ್ಗೆ ಹನ್ನೊಂದು ಗಂಟೆಗೆ ಅದೇ ಆಯಿತು. ಒಬ್ಬ ಹೆಂಗಸು ಫೋನ್ ಮಾಡಿದ್ದರು, ಗಂಡ ಬಚ್ಚಲುಮನೆಯಲ್ಲಿ ಬಿದ್ದಿದ್ದಾರೆ ಎಂದು. ನಮ್ಮ ಹುಡುಗಿ ವಿಳಾಸ ಟೈಪ್ ಮಾಡುತ್ತಿದ್ದಂತೆ ಪರದೆ ನಿಂತುಹೋಯಿತು. ಆರು ಸೆಕೆಂಡು. ಅವಳು ಅಂಗೈ ಮೇಲೆ ಪೆನ್ನಿನಲ್ಲಿ ವಿಳಾಸ ಬರೆದುಕೊಂಡು, ಎದ್ದು ನಿಂತು, ಡ್ರೈವರುಗಳ ಮೇಜಿಗೆ ಕೇಳುವ ಹಾಗೆ ಕಿರುಚಿದಳು. ಗಾಡಿ ಹೋಯಿತು, ಆ ಮನುಷ್ಯ ಬದುಕಿದರು. ಮಧ್ಯಾಹ್ನ ಅವಳು ನನ್ನ ರೂಮಿನ ಬಾಗಿಲಲ್ಲಿ ನಿಂತು ಅಂಗೈ ತೋರಿಸಿದಳು. “ಸರ್, ಆರು ಸೆಕೆಂಡು ಅಂದ್ರೆ ಎಷ್ಟು ಉದ್ದ ಅಂತ ಗೊತ್ತಾ ನಿಮಗೆ? ಆ ಕಡೆ ಅವರು ಅಳ್ತಾ ಇರ್ತಾರೆ. ಈ ಕಡೆ ನಾನು ಹಲೋ ಹಲೋ ಅಂತಿರ್ತೀನಿ.” ಆವತ್ತು ಸಂಜೆ ಮನೆಯಲ್ಲಿ ಊಟಕ್ಕೆ ಕೂತು, ಗಡಿಯಾರ ನೋಡುತ್ತಾ ಆರು ಸೆಕೆಂಡು ಸುಮ್ಮನಿದ್ದೆ. ಹೆಂಡತಿ, “ಏನ್ರೀ, ಎದೆ ನೋವಾ?” ಎಂದಳು. ಬಹಳ ಉದ್ದ ಸಭಿಕರೇ, ಆರು ಸೆಕೆಂಡು ಬಹಳ ಉದ್ದ.

ಮರುದಿನ ಸ್ವಿಚ್ಚು ತೆಗೆದೆ. ಮೇಷ್ಟ್ರು ಬಂದರು. “ಯಾರಪ್ಪ ತೆಗೆದಿದ್ದು? ನನ್ನ ಗಾಡಿಗಳು ಗಲ್ಲಿಯಲ್ಲಿ ನಿಂತಿವೆ!” ಹಾಕಿದೆ. ಮೇಡಂ ಬಂದರು. “ಮತ್ತೆ ಹಾಕಿದ್ರಾ? ನನ್ನ ಹುಡುಗಿಯರ ಕೈ ಮೇಲೆ ಇನ್ನು ಜಾಗ ಇಲ್ಲ!” ತೆಗೆದೆ. ಇಬ್ಬರದೂ ಸರಿ. ಇಬ್ಬರೂ ಜೀವ ಉಳಿಸಲೆಂದೇ ಜಗಳವಾಡುತ್ತಿದ್ದಾರೆ. ನಾನು ಯಾರಿಗೆ ಇಲ್ಲ ಎನ್ನಲಿ? ಕೊನೆಗೆ ಒಂದು ವೇಳಾಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದೆ. ಒಂದು ಗಂಟೆ ದೊಡ್ಡ ಪುಟ, ಒಂದು ಗಂಟೆ ಸಣ್ಣ ಪುಟ. ಗಂಟೆಗೆ ಸರಿಯಾಗಿ ನಾನೇ ಹೋಗಿ ಬದಲಾಯಿಸುತ್ತಿದ್ದೆ. ನಾಲ್ಕು ತಿಂಗಳು! ಊಟದ ನಡುವೆ ಎದ್ದು ಹೋಗುತ್ತಿದ್ದೆ. ಮಗಳ ಮನೆಗೆ ಹೋಗಲಿಲ್ಲ. ಇಬ್ಬರಿಗೂ ಸಮಾಧಾನವಾಯಿತು. ಮೇಷ್ಟ್ರು ತಮ್ಮ ಗಂಟೆ ಬಂದ ಕೂಡಲೇ ಫೋನ್ ಮಾಡಿ, “ಆಹಾ, ಈಗ ನೋಡು, ಹಕ್ಕಿ ಹಾರಿದ ಹಾಗೆ” ಎನ್ನುತ್ತಿದ್ದರು. ಮೇಡಂ ತಮ್ಮ ಗಂಟೆಯಲ್ಲಿ, “ಅಬ್ಬಾ, ಈಗ ಉಸಿರಾಡ್ತಿದೆ” ಎನ್ನುತ್ತಿದ್ದರು.

ಈಗ ಒಂದು ಮಾತು ಹೇಳಬೇಕು. ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆಯಿಂದ ಯೋಚಿಸಿ ಕಾಗದದಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ. ಆ ಅಂಟಿಸಿದ ವೇಳಾಪಟ್ಟಿಯಿಂದ ಏನೂ ಆಗುತ್ತಿರಲಿಲ್ಲ.

ಹೌದು ಮೇಷ್ಟ್ರೇ. ಹೌದು ಮೇಡಂ.

ನಮ್ಮಲ್ಲಿ ಒಬ್ಬ ಎಂಜಿನಿಯರ್ ಇದ್ದಾರೆ. ಆಪರೇಟಿಂಗ್ ಸಿಸ್ಟಂನ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ, ಅದರಲ್ಲೇ ಕೈಯಾಡಿಸುವುದರಿಂದ ಅವರಿಗೆ ಕರ್ನಲ್ ಅಕ್ಕ ಎಂದು ಹೆಸರು. ಹೊಸ ಡ್ರೈವರೊಬ್ಬ ಸೈನ್ಯದವರೆಂದು ತಿಳಿದು ಅವರಿಗೆ ಸೆಲ್ಯೂಟ್ ಹೊಡೆದಿದ್ದ. ಅವರು ಒಂದು ದಿನ ಬಾಗಿಲ ಮೇಲಿನ ಪಟ್ಟಿ ಓದಿ ಕೇಳಿದರು.

“ಅಣ್ಣಾ, ಇದೇನಿದು? ರೈಲಿನ ಟೈಮ್‌ಟೇಬಲ್ಲಾ?”

ಹೇಳಿದೆ.

“ಸ್ವಿಚ್ ತೆಗೆದ ಮೇಲೆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡ್ತೀರಾ?”

“ಅಯ್ಯೋ, ನಿಲ್ಲಿಸೋಕಾಗುತ್ತೇನಕ್ಕಾ? ಕರೆ ಬರ್ತಿರುತ್ತಲ್ಲ.”

ಅವರು ತಲೆ ಮೇಲೆ ಕೈಯಿಟ್ಟುಕೊಂಡರು. “ಒಂದು ಸಲ ಕೊಟ್ಟ ದೊಡ್ಡ ಪುಟವನ್ನ ಆ ಸ್ವಿಚ್ಚು ವಾಪಸ್ ಕಿತ್ಕೊಳ್ಳಲ್ಲ ಅಣ್ಣಾ. ಹೊಸದಾಗಿ ಕೊಡೋದನ್ನ ಮಾತ್ರ ನಿಲ್ಲಿಸುತ್ತೆ. ಹಳೇದು ಹಾಗೇ ಇರುತ್ತೆ. ನಾಲ್ಕು ತಿಂಗಳಿಂದ ನೀವು ಗೋಡೆಗೆ ಟಾಟಾ ಮಾಡ್ತಾ ಇದ್ದೀರಿ.”

ಮೇಷ್ಟ್ರು ಹಕ್ಕಿ ಹಾರಿದ ಹಾಗೆ ಎಂದದ್ದು ಯಾವುದನ್ನು? ಮೇಡಂ ಉಸಿರಾಡಿತು ಎಂದದ್ದು ಯಾವುದನ್ನು? ನನಗೆ ಗೊತ್ತಿಲ್ಲ. ಅಷ್ಟೂ ದಿನ ಪರದೆ ನಿಲ್ಲುವುದು ನಿಂತೇ ಇರಲಿಲ್ಲ, ಹುಡುಗಿಯರು ಅಂಗೈಗೆ ಬದಲಾಗಿ ಒಂದೊಂದು ನೋಟ್‌ಪುಸ್ತಕ ಇಟ್ಟುಕೊಂಡಿದ್ದರು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ ಎಂಬುದು ಅವರ ಜಾಣತನ, ನನ್ನದಲ್ಲ. ಇಬ್ಬರನ್ನೂ ನಾನು ಸಮಾಧಾನ ಮಾಡಿದೆ. ಸಮಸ್ಯೆಯನ್ನು ಮುಟ್ಟಲೇ ಇಲ್ಲ. ಇದನ್ನು ಇವತ್ತಿನವರೆಗೆ ಅಕ್ಕನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪಾಯಿತು, ಕ್ಷಮಿಸಿ.

ಮೇಷ್ಟ್ರು ನಗುತ್ತಿದ್ದಾರೆ. ಒಂದು ಭಾರ ಇಳಿಯಿತು.

ಆ ದಿನ ಅಕ್ಕನ ಮುಂದೆ ಕೂತು ನನಗೆ ನೆನಪಾದದ್ದು ನಾನು ಹದಿನೈದು ವರ್ಷದವನಿದ್ದಾಗ ಕೆಲಸ ಮಾಡಿದ ಗೋದಾಮು. ಸ್ಕ್ರೂ, ನಟ್ಟು, ಬೋಲ್ಟುಗಳ ಗೋದಾಮು. ಅದರ ಯಜಮಾನರಿಗೆ ಎಲ್ಲವೂ ಪೆಟ್ಟಿಗೆ ಲೆಕ್ಕದಲ್ಲೇ. ಕನ್ನಡಕದ ಕಡ್ಡಿಗೆ ಒಂದು ಸ್ಕ್ರೂ ಬೇಕೆಂದು ಬಂದವನಿಗೂ ಪೆಟ್ಟಿಗೆ ಹೊರಿಸಿ ಕಳಿಸಲು ನೋಡುತ್ತಿದ್ದರು. ಅವರ ಹೆಂಡತಿ ಗಲ್ಲಾದಲ್ಲಿ ಕೂತ ದಿನ ಹಾಗಲ್ಲ. ಬಂದವರನ್ನು ಕೂಡಲೇ ಕೇಳುತ್ತಿದ್ದರು, “ಬಿಡಿಯೋ, ಪೆಟ್ಟಿಗೆಯೋ?” ಅಷ್ಟೇ. ಆ ದಿನಗಳಲ್ಲಿ ಅಂಗಡಿಯಲ್ಲಿ ಜಗಳವೇ ಇರುತ್ತಿರಲಿಲ್ಲ.

ನಾನು ಅಕ್ಕನಿಗೆ ಹೇಳಿದ್ದು ಇಷ್ಟೇ. “ಅಕ್ಕಾ, ಮೆಷಿನ್ನಿಗೆಲ್ಲ ಒಂದೇ ಸ್ವಿಚ್ಚು ಯಾಕೆ? ಪ್ರೋಗ್ರಾಮನ್ನೇ ಕೇಳಿಬಿಟ್ರೆ ಆಗಲ್ವಾ? ಬಿಡಿಯೋ ಪೆಟ್ಟಿಗೆಯೋ ಅಂತ?”

ಅಕ್ಕ ಕಾಗದವೊಂದನ್ನು ಎಳೆದುಕೊಂಡು ಏನೋ ಗೀಚುತ್ತಾ ಕೂತರು. ಆರು ಸೆಕೆಂಡಿಗಿಂತ ಹೆಚ್ಚು. ಆಮೇಲೆ, “ಆಗುತ್ತೆ. ಆದ್ರೆ ನಕ್ಷೆ ಪ್ರೋಗ್ರಾಂ ಮಾಡಿದ ಕಂಪನಿ ಮುಚ್ಚಿಹೋಗಿದೆ ಅಣ್ಣಾ, ಅದನ್ನ ಬಿಚ್ಚಿ ತಿದ್ದೋಕಾಗಲ್ಲ. ಅದಕ್ಕೆ ಬಾಯಿಲ್ಲ” ಎಂದರು.

“ಬಾಯಿಲ್ಲದ ಮಕ್ಕಳ ಪರವಾಗಿ ತಾಯಿ ಹೇಳ್ತಾಳಲ್ಲಕ್ಕಾ?”

ಹಾಗೇ ಮಾಡಿದರು. ಬರೆದದ್ದೆಲ್ಲ ಅವರು, ನಾನು ಪರೀಕ್ಷೆ ಮಾಡಿದೆ. ಈಗ ಪ್ರತಿ ಪ್ರೋಗ್ರಾಮೂ ಕೆಲಸ ಶುರು ಮಾಡುವಾಗಲೇ ಹೇಳಬಹುದು: ನನಗೆ ದೊಡ್ಡ ಪುಟ ಬೇಕು, ಅಥವಾ ಬೇಡ. ಹೇಳಲು ಬಾರದಿದ್ದರೆ ಅದನ್ನು ಶುರು ಮಾಡಿಸುವ ತಾಯಿ ಪ್ರೋಗ್ರಾಂ ಅದರ ಪರವಾಗಿ ಹೇಳುತ್ತದೆ, ಮಗು ಅದನ್ನೇ ಪಾಲಿಸುತ್ತದೆ. ಇನ್ನೊಂದು ನಾಜೂಕೂ ಇದೆ. ಕರೆ ಪ್ರೋಗ್ರಾಂ ಏನು ಹೇಳಿತು ಗೊತ್ತೇ? “ನನಗೆ ದೊಡ್ಡ ಪುಟ ಬೇಡ, ಆದರೆ ವಿಳಾಸಗಳ ಕೋಶ ಒಂದಕ್ಕೆ ಮಾತ್ರ ಇರಲಿ. ಅದನ್ನು ನಾನು ಓದುತ್ತೇನೆಯೇ ಹೊರತು ತಿದ್ದುವುದಿಲ್ಲ.” ಪೂರ್ತಿ ಬೇಕು ಎಂದೂ ಅಲ್ಲ, ಪೂರ್ತಿ ಬೇಡ ಎಂದೂ ಅಲ್ಲ. ತನಗೆ ಎಲ್ಲಿ ಬೇಕೋ ಅಲ್ಲಿ. ಯಾರಿಗೆ ಗೊತ್ತಿತ್ತು ಅದಕ್ಕೆ ಹಾಗೆ ಬೇಕೆಂದು? ನಮಗೆ ಗೊತ್ತಿರಲಿಲ್ಲ. ಅದನ್ನು ಬರೆದವರಿಗೆ ಗೊತ್ತಿತ್ತು, ಅಷ್ಟು ವರ್ಷ ನಾವು ಕೇಳಿರಲಿಲ್ಲ.

ಮೇಷ್ಟ್ರ ದಾರಿ ಐದೇ ಸೆಕೆಂಡಿನಲ್ಲಿ ಸಿಗುತ್ತಿದೆ. ಮೇಡಂ ಅವರ ಪರದೆ ಹದಿನಾಲ್ಕು ತಿಂಗಳಿಂದ ಒಂದು ಸಲವೂ ನಿಂತಿಲ್ಲ. ಇನ್ನೂ ಹನ್ನೊಂದು ಕೇಂದ್ರಗಳು ಅಕ್ಕನ ಕೆಲಸವನ್ನು ತಮ್ಮಲ್ಲಿ ಹಾಕಿಕೊಂಡಿವೆ. ನನಗೆ ಬಹಳ ಸಂತೋಷ. ಹೇಳಿಕೊಳ್ಳಲು ಭಯವಾಗುವಷ್ಟು ಸಂತೋಷ.

ಇಲ್ಲಿಗೆ ಕುಳಿತುಬಿಡೋಣ ಎಂದುಕೊಂಡಿದ್ದೆ. ಬರೆದುಕೊಂಡು ಬಂದದ್ದು ಇಲ್ಲಿಗೇ ಮುಗಿಯುತ್ತದೆ. ಆದರೆ ಮೂರನೇ ಸಾಲಿನ ತುದಿ ನನ್ನನ್ನು ನೋಡುತ್ತಲೇ ಇದೆ.

ವಿಷಯ ಏನೆಂದರೆ, ನಗರದ ಈಜುಕೊಳದಲ್ಲಿ ಹಿರಿಯರಿಗೆಂದು ಒಂದು ತರಗತಿ ಇದೆ. ಬೆಳಗ್ಗೆ ಆರರಿಂದ ಏಳು. ಜೋಡಿಯಾಗಿಯೇ ಬರಬೇಕು, ಒಬ್ಬರನ್ನೊಬ್ಬರು ಹಿಡಿದುಕೊಂಡು ಕಲಿಯಬೇಕು ಎಂದು ಅವರ ನಿಯಮ. ಜೋಡಿಯಲ್ಲಿ ಒಬ್ಬರು ಬಾರದಿದ್ದರೆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ನನ್ನ ಹೆಂಡತಿ ಆ ಪಟ್ಟಿಯಲ್ಲಿ ಎಂಟು ತಿಂಗಳು ಕಾದಿದ್ದಾಳೆ. ಈ ಸೋಮವಾರ ಆರಕ್ಕೆ ಮೊದಲ ಪಾಠ. ಅವಳಿಗೆ ಚಿಕ್ಕಂದಿನಿಂದ ಈಜು ಕಲಿಯುವ ಆಸೆ. ಮೊದಲು ತವರಿನಲ್ಲಿ ಬಿಡಲಿಲ್ಲ. ಆಮೇಲೆ ಮಕ್ಕಳು, ಆಮೇಲೆ ನನ್ನ ವೇಳಾಪಟ್ಟಿ.

ಎಂಟು ತಿಂಗಳ ಹಿಂದೆ ಒಂದು ದಿನ ಬಂದು ಹೇಳಿದಳು. “ರೀ, ಹೆಸರು ಬರೆಸಿಬಿಟ್ಟೆ. ಇಬ್ಬರದ್ದೂ.”

“ನನ್ನ ಒಂದು ಮಾತು ಕೇಳಬೇಡವಾ?”

“ಕೇಳಿದ್ರೆ ನೀವು ಬೇಡ ಅಂತೀರಿ. ಅದಕ್ಕೇ ಕೇಳಲಿಲ್ಲ.”

ನ್ಯಾಯವಾಗಿ ನೋಡಿದರೆ ಅವಳೂ ನನ್ನನ್ನು ಕೇಳಲಿಲ್ಲ. ಅದನ್ನು ಸಭೆಯ ಗಮನಕ್ಕೆ ತರುತ್ತೇನೆ. ಆದರೆ ಅವಳು ಅದೇ ದಿನ ಹೇಳಿದಳು, ನಾನು ಮೂರು ವಾರ ಬಚ್ಚಿಟ್ಟೆ. ಅಧ್ಯಕ್ಷರು ಎರಡು ವರ್ಷದ ಮಾತು ತೆಗೆದಾಗ ನಾನು ಒಂದೇ ಪ್ರಶ್ನೆ ಕೇಳಿದ್ದೆ, ಪಾಳಿ ಎಷ್ಟು ಹೊತ್ತಿಗೆ ಎಂದು. ಅವರು, “ಆರು ಗಂಟೆಗೆ. ಬೇಕಾದರೆ ಹತ್ತಕ್ಕೆ ಮಾಡೋಣ” ಎಂದರು. ನಾನು, “ಬೇಡ ಬೇಡ, ಆರೇ ಇರಲಿ” ಎಂದೆ. ಅಧ್ಯಕ್ಷರು ಅದನ್ನು ಕೆಲಸದ ಮೇಲಿನ ನಿಷ್ಠೆ ಎಂದು ತಿಳಿದು ಈಗಷ್ಟೇ ಹೊಗಳಿದರು.

ಸಭಿಕರೇ, ಅದು ನಿಷ್ಠೆ ಅಲ್ಲ. ನನಗೆ ನೀರೆಂದರೆ ಭಯ. ಮೊಣಕಾಲಿನ ಮೇಲೆ ನೀರು ಬಂದರೆ ಭಯ. ಬಕೆಟ್ಟು ತುಂಬುವಾಗಲೂ ಪಕ್ಕದಲ್ಲಿ ನಿಂತು ನೋಡುವವನು ನಾನು. ಮೂವತ್ತೇಳು ವರ್ಷ ಜೊತೆಗಿದ್ದೂ ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿಲ್ಲ. ಶೀತ ಎನ್ನುತ್ತಿದ್ದೆ, ಮಂಡಿನೋವು ಎನ್ನುತ್ತಿದ್ದೆ. ಈಗ ಇನ್ನೂರು ಜನರ ಮುಂದೆ ಮೈಕಿನಲ್ಲಿ ಹೇಳಿದೆ. ನನಗೇ ನಂಬಲಾಗುತ್ತಿಲ್ಲ.

ಜೀವವಿಲ್ಲದ ಪ್ರೋಗ್ರಾಮನ್ನು ಕೇಳಬೇಕು ಎಂದು ಹನ್ನೊಂದು ಕೇಂದ್ರಗಳಿಗೆ ಹೇಳಿದವನು ನಾನು. ನಾನು ಅವಳನ್ನು ಕೇಳಿದೆನೇ? ಕೇಳಲಿಲ್ಲ. ಬೆಳಗ್ಗೆ ಕೆಲಸ ಹಂಚಿಕೊಳ್ಳಬಲ್ಲಿರಾ ಎಂದು ಕರ್ನಲ್ ಅಕ್ಕನನ್ನು ಕೇಳಿದೆನೇ? ಕೇಳಲಿಲ್ಲ. ನಾನಿಲ್ಲದಿದ್ದರೆ ಮೆಷಿನ್ ರೂಮು ಕುಸಿದುಬೀಳುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಅಧ್ಯಕ್ಷರೇ, ನಿಮ್ಮ ಮುಂದಿರುವ ಆ ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ, ನಾನು ನೋಡಿದ್ದೇನೆ. ಎರಡೇ ನಿಮಿಷ ಪೆನ್ನು ಮುಚ್ಚಿಡಿ.

ಏನಮ್ಮಾ, ನಿನ್ನನ್ನೇ. ಎಲ್ಲರ ಮುಂದೆ ಕೇಳುತ್ತಿದ್ದೇನೆ. ನಾನು ಕೆಲಸ ಪೂರ್ತಿ ಬಿಡಲೇ? ಇನ್ನೂ ಸ್ವಲ್ಪ ಮಾಡಲೇ? ಎಷ್ಟು? ನೀನು ಹೇಳಿದಷ್ಟು. ಅವಸರವಿಲ್ಲ. ಸಭಿಕರು ಕಾಯುತ್ತಾರೆ.

ಎರಡು ಬೆರಳು ತೋರಿಸುತ್ತಿದ್ದಾಳೆ. ಎರಡು... ಎರಡು ವರ್ಷ? ಅಲ್ಲವಂತೆ. ಎರಡು ತಿಂಗಳೇ? ಅದೂ ಅಲ್ಲ. ಪಕ್ಕದಲ್ಲಿರುವ ನರ್ಸಮ್ಮನವರು ಕೈ ಸನ್ನೆಯಲ್ಲಿ ಏನೋ ಹೇಳುತ್ತಿದ್ದಾರೆ... ವಾರ. ವಾರಕ್ಕೆ ಎರಡು ದಿನ! ಹೌದೇ? ತಲೆಯಾಡಿಸಿದಳು. ಹತ್ತು ಗಂಟೆಯ ಮೇಲೆ? ಅದಕ್ಕೂ ತಲೆಯಾಡಿಸಿದಳು. ಅಕ್ಕಾ, ಉಳಿದ ದಿನ ನೀವು ನೋಡಿಕೊಳ್ಳಬಲ್ಲಿರಾ? ಅಕ್ಕ ಆಗಲೇ ಮೆಷಿನ್ ರೂಮಿನ ಬೀಗದ ಕೈಗೆಂದು ಕೈಚಾಚಿ ಕೂತಿದ್ದಾರೆ.

ಅಧ್ಯಕ್ಷರೇ, ವಾರಕ್ಕೆ ಎರಡು ದಿನ, ಹತ್ತು ಗಂಟೆಯ ಮೇಲೆ. ಹಾಗೆ ಆಗುವುದಾದರೆ ಬರುತ್ತೇನೆ. ಆಗದಿದ್ದರೆ ಇವತ್ತಿನದು ಬೀಳ್ಕೊಡುಗೆಯೇ ಆಗಲಿ, ನನಗೆ ಬೇಸರವಿಲ್ಲ.

ಬರೆಯುತ್ತಿದ್ದಾರೆ. ತಿದ್ದಿ ಬರೆಯುತ್ತಿದ್ದಾರೆ. ದೊಡ್ಡ ಮನಸ್ಸು.

ಇಷ್ಟು ಹೊತ್ತು ನನ್ನ ಮಾತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನನ್ನ ವೇಳಾಪಟ್ಟಿಯನ್ನು ನಂಬಿದ ಇಬ್ಬರು ಮುಖ್ಯಸ್ಥರಿಗೆ ವಿಶೇಷ ಕೃತಜ್ಞತೆಗಳು. ನೋಟ್‌ಪುಸ್ತಕ ಇಟ್ಟುಕೊಂಡ ಹುಡುಗಿಯರಿಗೆ ಕೈ ಮುಗಿಯುತ್ತೇನೆ. ಕೊನೆಯದಾಗಿ ಒಂದು ವಿನಂತಿ. ಸೋಮವಾರ ಬೆಳಗ್ಗೆ ಆರರಿಂದ ಏಳರವರೆಗೆ ಏನೇ ಕೆಟ್ಟರೂ ನನಗೆ ಫೋನ್ ಮಾಡಬೇಡಿ. ನಾನು ನೀರಿನಲ್ಲಿರುತ್ತೇನೆ, ಅವಳ ಕೈ ಹಿಡಿದುಕೊಂಡಿರುತ್ತೇನೆ, ಫೋನ್ ಎತ್ತಲು ನನಗೆ ಕೈ ಖಾಲಿ ಇರುವುದಿಲ್ಲ.

ನಮಸ್ಕಾರ.